ಕಾಯಿಪಲ್ಲೆ ಬೀಜ ಮತ್ತು ಮಣ್ಣಿನ ಬ್ಯಾಕ್ಟೀರಿಯಾ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನಿಮ್ಮ ಉದ್ಯೋಗದ ಬಗ್ಗೆ ಅರ್ಧ ತಾಸು ಮಾತಾಡ್ರಿ, ರೈತರಿಗೂ ಹುಡುಗರಿಗೂ ತಿಳಿಯುವಂಗ ಇರಲಿ" ಅಂದರು. ನನ್ನ ಉದ್ಯೋಗ ಸಸಿ ಬೆಳೆಸುವುದು. ಇಲ್ಲಿ ಹತ್ತನೆಯ ತರಗತಿ ಮುಗಿಸಿ, ಧಾರವಾಡದ ಕೃಷಿ ಕಾಲೇಜಿನಲ್ಲಿ ಓದಿ, ಈಗ ಹಲವು ವರ್ಷಗಳಿಂದ ಹುಬ್ಬಳ್ಳಿ–ಧಾರವಾಡದ ಸುತ್ತಿನ ರೈತರಿಗೆ ಮೆಣಸಿನಕಾಯಿ, ಟೊಮೆಟೊ, ಬದನೆ, ಹೂಕೋಸಿನ ಸಸಿ ಬೆಳೆಸಿ ಕೊಡುತ್ತಿದ್ದೇನೆ. ಇಲ್ಲಿ ಕುಳಿತವರಲ್ಲಿ ನನ್ನ ಗಿರಾಕಿಗಳೂ ಇದ್ದಾರೆ. ಹಾಗಾಗಿ ವೇದಿಕೆ ಸಿಕ್ಕಿತೆಂದು ಏನೇನೋ ಹೇಳಿ ಪಾರಾಗುವ ಹಾಗಿಲ್ಲ.

ನರ್ಸರಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಬೀಜಕ್ಕ ಹಚ್ಚೋ ಬ್ಯಾಕ್ಟೀರಿಯಾ ಪಾಕೀಟು ಮಾರ್ತಾರಲ್ರಿ, ಅವು ಖರೇನ ಕೆಲಸ ಮಾಡ್ತಾವೇನು?" ನನ್ನ ಉತ್ತರ ಯಾವಾಗಲೂ ಒಂದೇ: ಜೀವಂತ ಇದ್ದರೆ ಮಾಡುತ್ತವೆ. ಕೇಳಿದವರಿಗೆ ಈ ಉತ್ತರ ಸಮಾಧಾನ ಕೊಡುವುದಿಲ್ಲ. ಪಾಕೀಟು ನೋಡಿದರೆ ಒಳಗಿನದು ಬದುಕಿದೆಯೋ ಸತ್ತಿದೆಯೋ ಗೊತ್ತಾಗುವುದಿಲ್ಲವಲ್ಲ! ಇವತ್ತು ಆ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊನೆಗೆ ನಮ್ಮ ಶಾಲೆಗೆ ಒಂದು ಕೆಲಸವನ್ನೂ ಒಪ್ಪಿಸುವವನಿದ್ದೇನೆ.

ಮೊದಲು ಬೀಜದ ಮಾತು. ಬೀಜ ಪ್ರಮಾಣೀಕರಣದ ಮಾನದಂಡದಲ್ಲಿ ಟೊಮೆಟೊ, ಬದನೆ, ಉಳ್ಳಾಗಡ್ಡಿ ಬೀಜ ನೂರಕ್ಕೆ ಕನಿಷ್ಠ 70 ಮೊಳೆಯಬೇಕು ಎಂದಿದೆ. ಬೆಂಡೆಗೆ 65. ಮೆಣಸಿನಕಾಯಿಗೆ 60 ಸಾಕು. ಅಂದರೆ ನೂರು ಮೆಣಸಿನ ಬೀಜದಲ್ಲಿ ನಲವತ್ತು ಮೊಳೆಯದೆ ಹೋದರೂ ಕಾಗದದ ಮೇಲೆ ಅದು ಪಾಸಾದ ಬೀಜ. ನಮ್ಮ ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸು ಮಾಡುತ್ತಿದ್ದರು, ಅದಕ್ಕೆ ಹೋಲಿಸಿದರೆ ಮೆಣಸಿನಕಾಯಿ ಜಾಣ ಹುಡುಗನೇ! ಒಳ್ಳೆಯ ಕಂಪನಿಯ ಬೀಜ ಇದಕ್ಕಿಂತ ಮೇಲೆಯೇ ಮೊಳೆಯುತ್ತದೆ, ಆ ಮಾತು ಬೇರೆ. ಆದರೆ ಹೈಬ್ರಿಡ್ ಬೀಜವನ್ನು ಈಗ ಸೇರಿನ ಲೆಕ್ಕದಲ್ಲಿ ಯಾರೂ ಕೊಳ್ಳುವುದಿಲ್ಲ. ಹತ್ತು ಗ್ರಾಂ ಪಾಕೀಟು, ಸಾವಿರ ಬೀಜದ ಪಾಕೀಟು. ಮೊಳೆಯದ ಒಂದೊಂದು ಬೀಜಕ್ಕೂ ನೀವು ರೊಕ್ಕ ಕೊಟ್ಟಿರುತ್ತೀರಿ.

ಮೆಣಸಿನ ಬೀಜ ಮೂಲತಃ ನಿಧಾನ. ಪ್ರಯೋಗಾಲಯದಲ್ಲಿ ಅದರ ಮೊಳಕೆ ಎಣಿಸುವುದು ಏಳನೆಯ ದಿನ ಒಮ್ಮೆ, ಹದಿನಾಲ್ಕನೆಯ ದಿನ ಕೊನೆಯ ಸಲ. ಮೂಲಂಗಿ, ಮೆಂತೆ ಮೂರು ನಾಲ್ಕು ದಿನಕ್ಕೆ ತಲೆ ಎತ್ತುತ್ತವೆ, ಇದು ಒಂದು ವಾರ ಯೋಚನೆ ಮಾಡುತ್ತ ಮಲಗಿರುತ್ತದೆ. ಕುಂದಗೋಳ, ಅಣ್ಣಿಗೇರಿ, ಹುಬ್ಬಳ್ಳಿ ಕಡೆಯ ಎರಿ ಹೊಲಗಳಲ್ಲಿ ನಮ್ಮ ಹಿರಿಯರು ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುತ್ತಿದ್ದರು, ಈಗಲೂ ಬೆಳೆಯುವವರಿದ್ದಾರೆ. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಕೆಂಪು ಮೆಣಸಿನಕಾಯಿಯ ಹೆಸರು ಬ್ಯಾಡಗಿಯದಾದರೂ ಅದರಲ್ಲಿ ನಮ್ಮ ಹೊಲಗಳ ಪಾಲೂ ಇದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಷ್ಟು ಹೆಸರುವಾಸಿ ಬೆಳೆಯ ಮೊದಲ ಹದಿನೈದು ದಿನ ಮಾತ್ರ ಬಹಳ ನಾಜೂಕಿನದು.

ಯಾಕೆ ನಾಜೂಕು? ಬೀಜ ನೀರು ಕುಡಿದು ಉಬ್ಬಿದ ಕೂಡಲೆ ಅದರ ಸಿಪ್ಪೆಯಿಂದ ಒಂದಿಷ್ಟು ಸಕ್ಕರೆ, ಅಮೈನೋ ಆಮ್ಲ ಹೊರಗೆ ಸೋರುತ್ತವೆ. ಮಣ್ಣಿನಲ್ಲಿ ಹಸಿದುಕೊಂಡು ಮಲಗಿದ್ದ ಜೀವಿಗಳಿಗೆಲ್ಲ ಅದು ಊಟದ ಗಂಟೆ. ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ಶಿಲೀಂಧ್ರಗಳು ಬೇರೆ. ಅವುಗಳಲ್ಲಿ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿಯೂ ಒಂದು. ಸಸಿಮಡಿಯಲ್ಲಿ ನಿನ್ನೆ ನೆಟ್ಟಗೆ ನಿಂತಿದ್ದ ಸಸಿ ಇವತ್ತು ಬುಡದಲ್ಲಿ ನೀರಾಗಿ ಕುಸಿದು ಮಲಗುತ್ತದಲ್ಲ, ಆ ಸಸಿ ಸಾಯುವ ರೋಗಕ್ಕೆ ಬಹುತೇಕ ಇದೇ ಕಾರಣ. ಎಷ್ಟೋ ಸಲ ಬೀಜ ಮಣ್ಣಿನ ಮೇಲೆ ಬರುವ ಮೊದಲೇ ಕೊಳೆತಿರುತ್ತದೆ. ರೈತರು "ಬೀಜ ಖೊಟ್ಟಿ ಕೊಟ್ಟಾನ" ಎಂದು ಅಂಗಡಿಯವನನ್ನು ಬೈಯುತ್ತಾರೆ. ಮೊಳಕೆ ಒಡೆದಿತ್ತು, ಮೇಲೆ ಬರಲು ಪಿಥಿಯಂ ಬಿಡಲಿಲ್ಲ ಎನ್ನುವುದು ಅಗೆದು ನೋಡಿದವರಿಗೆ ಮಾತ್ರ ಗೊತ್ತು. ಮೂಲಂಗಿ ಮೂರು ದಿನದಲ್ಲಿ ಈ ಗಂಡಾಂತರ ದಾಟುತ್ತದೆ. ಮೆಣಸಿನಕಾಯಿ ಎಂಟು ಹತ್ತು ದಿನ ಅದೇ ಜಾಗದಲ್ಲಿ ಸಿಕ್ಕಿಕೊಂಡಿರುತ್ತದೆ.

ಬೀಜಕ್ಕೆ ಬ್ಯಾಕ್ಟೀರಿಯಾ ಹಚ್ಚುವುದರ ಮೊದಲ ಅರ್ಥ ಇಲ್ಲಿದೆ. ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಜಾತ್ರೆಯ ದಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುತ್ತೇವಲ್ಲ, ಅದೇ ಕೆಲಸ. ಬೀಜದ ಸಿಪ್ಪೆಯ ಮೇಲೆ ನಮ್ಮ ಕಡೆಯ ಜೀವಿಗಳನ್ನು ಮೊದಲೇ ಕೂಡಿಸಿ ಕಳಿಸಿದರೆ, ಸಕ್ಕರೆ ಸೋರಿದಾಗ ಅವೇ ಉಂಡು, ಅವೇ ಬೆಳೆದು, ಬೇರಿನ ಜೊತೆಗೆ ಕೆಳಗಿಳಿಯುತ್ತವೆ. ತಡವಾಗಿ ಬಂದವನಿಗೆ ನಿಲ್ಲಲು ಜಾಗ ಸಿಗುವುದು ಕಷ್ಟ.

ಈ ವಿದ್ಯೆ ಹೊಸದೇನಲ್ಲ. ದ್ವಿದಳ ಬೆಳೆಯ ಬೇರಿನ ಗಂಟಿನಿಂದ ಬೈಜೆರಿಂಕ್ ಎಂಬ ಹಾಲೆಂಡಿನ ವಿಜ್ಞಾನಿ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದು 1888ರಲ್ಲಿ. ಅದಾಗಿ ಹತ್ತು ವರ್ಷವೂ ಕಳೆಯುವ ಮೊದಲೇ ಜರ್ಮನಿಯಲ್ಲಿ ಅದನ್ನು ಬಾಟಲಿಯಲ್ಲಿ ತುಂಬಿ ಮಾರಾಟಕ್ಕಿಟ್ಟಿದ್ದರು. ಬೇರಿನ ಸುತ್ತಲಿನ ಮಣ್ಣಿನ ಪದರಕ್ಕೆ ಅದರದೇ ಬೇರೆ ಬದುಕು ಇದೆ ಎಂದು ಗುರುತಿಸಿ 1904ರಲ್ಲಿ ಹೆಸರಿಟ್ಟವರು ಹಿಲ್ಟ್ನರ್. ನಮ್ಮ ರೈತರಿಗೆ ರೈಜೋಬಿಯಂ ಹೆಸರು ಸೋಯಾಬೀನ್ ಜೊತೆಗೆ ಚೆನ್ನಾಗಿ ಪರಿಚಯವಾಯಿತು. ಆದರೆ ರೈಜೋಬಿಯಂ ಗಂಟು ಕಟ್ಟುವುದು ಅವರೆ, ಚವಳಿ, ಬೀನ್ಸ್, ಬಟಾಣಿಯಂಥ ಬೆಳೆಗಳಿಗೆ ಮಾತ್ರ. ಸೋಯಾಬೀನಿನ ಪಾಕೀಟು ಉಳಿದಿದೆ ಎಂದು ಮೆಣಸಿನಕಾಯಿಗೆ ಹಚ್ಚಿದರೆ ಗಂಟು ಕಟ್ಟುವುದಿಲ್ಲ. ಮೆಣಸಿನಕಾಯಿ, ಬದನೆ, ಟೊಮೆಟೊ, ಉಳ್ಳಾಗಡ್ಡಿಗೆ ಬೇಕಾದವು ಬೇರಿನ ಹೊರಗೆ, ಮೇಲ್ಮೈಯಲ್ಲಿ ಬದುಕುವ ಜಾತಿಗಳು: ಅಜೋಸ್ಪಿರಿಲಂ, ಸೂಡೋಮೊನಾಸ್, ಬ್ಯಾಸಿಲಸ್, ಅಜೋಟೋಬ್ಯಾಕ್ಟರ್. ಇಂಥವುಗಳಿಗೆ 'ಸಸ್ಯ ಬೆಳವಣಿಗೆಗೆ ನೆರವಾಗುವ ಬೇರುವಲಯದ ಬ್ಯಾಕ್ಟೀರಿಯಾ' ಎಂಬ ಹೆಸರು ಬಂದದ್ದು 1978ರಲ್ಲಿ, ಕ್ಲೋಪರ್ ಮತ್ತು ಶ್ರಾತ್ ಎಂಬ ಅಮೆರಿಕದ ವಿಜ್ಞಾನಿಗಳಿಂದ. ಅವರು ಕೆಲಸ ಮಾಡಿದ್ದೂ ಮೂಲಂಗಿಯಂಥ ಕಾಯಿಪಲ್ಲೆಯ ಮೇಲೆ ಎನ್ನುವುದು ನನಗೆ ಖುಷಿ ಕೊಡುವ ಸಂಗತಿ.

ಇವು ಬೇರಿನ ಬಳಿ ಕೂತು ಏನು ಮಾಡುತ್ತವೆ? ಹೈಸ್ಕೂಲಿನ ವಿಜ್ಞಾನದಲ್ಲಿ ಮಕ್ಕಳು ಸಸ್ಯ ಹಾರ್ಮೋನುಗಳ ಹೆಸರು ಬಾಯಿಪಾಠ ಮಾಡುತ್ತಾರೆ. ಆಕ್ಸಿನ್, ಜಿಬ್ಬರೆಲಿನ್. ಗಿಡ ತಾನೇ ಮಾಡಿಕೊಳ್ಳುವ ಈ ರಸಗಳನ್ನು ಈ ಬ್ಯಾಕ್ಟೀರಿಯಾಗಳೂ ತಯಾರಿಸುತ್ತವೆ. ಬೀಜದೊಳಗಿನ ಹಿಟ್ಟನ್ನು ಸಕ್ಕರೆ ಮಾಡಿ ಮೊಳಕೆಗೆ ಉಣಿಸಲು ಜಿಬ್ಬರೆಲಿನ್ ಬೇಕು. ಬೇರು ಕವಲೊಡೆಯಲು, ಬೇರುರೋಮ ದಟ್ಟವಾಗಲು ಆಕ್ಸಿನ್ ಬೇಕು. ಅಜೋಸ್ಪಿರಿಲಂ ಹಚ್ಚಿದ ಸಸಿಯ ಬೇರು ತೊಳೆದು ನೋಡಿದರೆ ಕವಲು ಹೆಚ್ಚಿರುತ್ತದೆ. ಬಹಳ ಮಂದಿ ಅದು ಗಾಳಿಯ ಸಾರಜನಕ ಹಿಡಿಯುವುದರಿಂದಲೇ ಗಿಡ ಬೆಳೆಯಿತು ಅಂದುಕೊಳ್ಳುತ್ತಾರೆ. ಎಳೆಯ ಸಸಿಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಹೆಚ್ಚಾಗಿ ಈ ಬೇರಿನದು. ಇನ್ನೊಂದು ಮಾತು: ಆಕ್ಸಿನ್ ಮಿತಿ ಮೀರಿದರೆ ಬೇರು ಉದ್ದ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ "ಎರಡು ಪಾಕೀಟು ಹಾಕಿದರ ಡಬಲ್ ಲಾಭ" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸೂಡೋಮೊನಾಸ್ ಕಬ್ಬಿಣದ ಕಳ್ಳ. ಸಿಡೆರೊಫೋರ್ ಎಂಬ ವಸ್ತುವನ್ನು ಹೊರಗೆ ಬಿಟ್ಟು, ಮಣ್ಣಿನಲ್ಲಿರುವ ಅಲ್ಪಸ್ವಲ್ಪ ಕಬ್ಬಿಣವನ್ನು ಬಾಚಿಕೊಳ್ಳುತ್ತದೆ. ಕಬ್ಬಿಣ ಸಿಗದ ರೋಗಕಾರಕಗಳು ಸೊರಗುತ್ತವೆ. ಇನ್ನು ಕೆಲವು ಜಾತಿಗಳು ಎಥಿಲೀನ್ ತಗ್ಗಿಸುತ್ತವೆ. ನೀರಿನ ಅಭಾವ, ಉಪ್ಪು, ಬಿಸಿಲಿನಂಥ ಕಷ್ಟಕ್ಕೆ ಸಿಕ್ಕ ಎಳೆಯ ಸಸಿಯಲ್ಲಿ ಎಥಿಲೀನ್ ಹೆಚ್ಚಾಗಿ ಬೇರು ಕುಂಠಿತವಾಗುತ್ತದೆ. ಅದಕ್ಕೆ ಮೂಲವಸ್ತುವಾದುದನ್ನೇ ಈ ಬ್ಯಾಕ್ಟೀರಿಯಾ ತಿಂದುಹಾಕುತ್ತದೆ. ಒಂದೇ ಜಾತಿ ಎಲ್ಲ ಕೆಲಸ ಮಾಡುವುದಿಲ್ಲ. ಇಷ್ಟೆಲ್ಲ ಮಾಡಿದರೂ ಸತ್ತ ಬೀಜವನ್ನು ಯಾವುದೂ ಎಬ್ಬಿಸುವುದಿಲ್ಲ. ಜೀವ ಇರುವ ಬೀಜ ಬೇಗ ಏಳಲು, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಏಳಲು, ಎದ್ದದ್ದು ಸಾಯದಿರಲು ನೆರವಾಗುತ್ತವೆ, ಅಷ್ಟೆ. ನನ್ನ ನರ್ಸರಿಯಲ್ಲಿ ನಾನು ಬೆಲೆ ಕೊಡುವುದು ಎರಡನೆಯದಕ್ಕೆ. ಟ್ರೇ ತುಂಬ ಒಂದೇ ಎತ್ತರದ ಸಸಿ ಇದ್ದರೆ ಒಂದೇ ದಿನ ಕಿತ್ತು ಕೊಡಬಹುದು, ರೈತರು ಒಂದೇ ದಿನ ನಾಟಿ ಮುಗಿಸಬಹುದು. ಬೇರು ಮಣ್ಣನ್ನು ಗಟ್ಟಿಯಾಗಿ ಹಿಡಿದಿದ್ದರೆ ಸಸಿ ಕೀಳುವಾಗ ಗಡ್ಡೆ ಒಡೆಯುವುದಿಲ್ಲ.

ಹಿರಿಯರು ಇಲ್ಲಿ ನಗುತ್ತಿದ್ದಾರೆ. "ಸಗಣಿ, ಬೂದಿ ಹಚ್ಚಿ ನಾವು ಬೀಜ ಇಡುತ್ತಿರಲಿಲ್ಲವೇನು?" ಎಂಬ ಪ್ರಶ್ನೆ ಅವರ ಮುಖದಲ್ಲಿ ಕಾಣುತ್ತಿದೆ. ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರ ನಮ್ಮ ಧಾರವಾಡದಲ್ಲಿಯೇ ಸಿಕ್ಕಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಆರಂಭವಾದದ್ದು 1986ರಲ್ಲಿ, ಅದರ ಬೇರು ಮಾತ್ರ 1947ರ ಕೃಷಿ ಕಾಲೇಜಿನಲ್ಲಿದೆ. ಅಲ್ಲಿನ ಸಾವಯವ ಕೃಷಿ ಸಂಸ್ಥೆಯ ಡಾ. ಎಂ. ಎನ್. ಶ್ರೀನಿವಾಸ ಮತ್ತು ಸಂಗಡಿಗರು 2009–10ರ ಸುಮಾರಿಗೆ ಬೀಜಾಮೃತವನ್ನು ಪ್ರಯೋಗಾಲಯಕ್ಕೆ ತೆಗೆದುಕೊಂಡು ಹೋದರು. ಆಕಳ ಸಗಣಿ, ಗಂಜಲ, ಸುಣ್ಣ, ಬದುವಿನ ಒಂದು ಹಿಡಿ ಮಣ್ಣು, ನೀರು ಸೇರಿಸಿ ಮಾಡುವ ಆ ದ್ರವದಿಂದ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದರು. ಅವುಗಳಲ್ಲಿ ಸಾರಜನಕ ಹಿಡಿಯುವವು ಇದ್ದವು, ರಂಜಕ ಕರಗಿಸುವವು ಇದ್ದವು, ಆಕ್ಸಿನ್, ಜಿಬ್ಬರೆಲಿನ್ ತಯಾರಿಸುವವು ಇದ್ದವು. ಬುಡ ಕೊಳೆಸುವ ಸ್ಕ್ಲೆರೋಶಿಯಂ ಶಿಲೀಂಧ್ರವನ್ನು ತಡೆಯುವವೂ ಸಿಕ್ಕವು. ಅವನ್ನು ಸೋಯಾಬೀನ್ ಬೀಜಕ್ಕೆ ಹಚ್ಚಿದಾಗ ಮೊಳಕೆ, ಸಸಿಯ ಉದ್ದ, ಸತ್ವ ಎಲ್ಲವೂ ಸುಧಾರಿಸಿದವು.

ನೋಡಿ, ಇದನ್ನು ನಾನು ಎರಡು ರೀತಿಯ ಜನರಿಗೆ ಹೇಳುತ್ತೇನೆ. ಹಿಂದಿನವರದೆಲ್ಲ ಮೂಢನಂಬಿಕೆ ಎನ್ನುವವರಿಗೆ ಒಮ್ಮೆ. ಹಿಂದಿನವರು ಮಾಡಿದ್ದೆಲ್ಲ ಅಮೃತ, ಪರೀಕ್ಷೆ ಏಕೆ ಎನ್ನುವವರಿಗೆ ಇನ್ನೊಮ್ಮೆ. ಶ್ರೀನಿವಾಸ ಅವರು ಪರೀಕ್ಷೆ ಮಾಡಿದ್ದರಿಂದಲೇ ನಾನು ಇವತ್ತು ಧೈರ್ಯದಿಂದ ಈ ಮಾತು ಹೇಳಬಲ್ಲೆ. ಬೀಜಾಮೃತದಲ್ಲಿ ಯಾವ ಜೀವಿ ಎಷ್ಟಿದೆ ಎನ್ನುವುದು ಮನೆಯಿಂದ ಮನೆಗೆ, ದಿನದಿಂದ ದಿನಕ್ಕೆ ಬೇರೆಯಾಗುತ್ತದೆ. ಹಸಿ ಸಗಣಿಯಲ್ಲಿ ನಮ್ಮ ಹೊಟ್ಟೆ ಕೆಡಿಸುವ ಜೀವಿಗಳೂ ಇರುತ್ತವೆ. ಬೀಜಕ್ಕೆ ಹಚ್ಚಲು ತೊಂದರೆಯಿಲ್ಲ, ಕೈ ಸಾಬೂನಿನಿಂದ ತೊಳೆಯಿರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ ಎಲೆ, ಸೌತೆಯ ಮೇಲೆ ಇಂಥ ದ್ರವವನ್ನು ಕೊಯ್ಲಿನ ಹೊತ್ತಿಗೆ ಚಿಮುಕಿಸಬೇಡಿ.

ಇನ್ನು ನಮ್ಮ ನೆಲ. ಧಾರವಾಡ ಜಿಲ್ಲೆಯಲ್ಲಿ ಪಶ್ಚಿಮದ ಕಲಘಟಗಿ, ಅಳ್ನಾವರದಿಂದ ಪೂರ್ವದ ನವಲಗುಂದ, ಅಣ್ಣಿಗೇರಿಗೆ ಹೋಗುತ್ತ ಮಳೆ ಕಡಿಮೆಯಾಗುತ್ತದೆ, ಮಸಾರಿ ಹೋಗಿ ಎರಿ ಬರುತ್ತದೆ. ಎರಿ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು. ಹಾಕಿದ ಡಿಎಪಿಯ ರಂಜಕವನ್ನು ಸುಣ್ಣ ಹಿಡಿದುಕೊಂಡು ಕೂರುತ್ತದೆ. ಮಸಾರಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಎಂದು ಮಾರುವ ಪಾಕೀಟಿನ ಜೀವಿಗಳು ಆಮ್ಲ ಸುರಿಸಿ ಈ ಹಿಡಿತ ಬಿಡಿಸುತ್ತವೆ. ಗಾಜಿನ ತಟ್ಟೆಯಲ್ಲಿ ಅವುಗಳ ಸುತ್ತ ತಿಳಿಯಾದ ವರ್ತುಲ ಕಾಣುತ್ತದೆ, ನೋಡಲು ಬಹಳ ಚಂದ. ಆದರೆ 1990ರ ದಶಕದ ಕೊನೆಗೆ ಬರೋಡಾದ ಸಂಶೋಧಕರು ಒಂದು ಕಹಿ ಸತ್ಯ ತೋರಿಸಿದರು. ಎರಿ ಮಣ್ಣು ಆಮ್ಲವನ್ನು ನುಂಗಿಹಾಕುವ ಶಕ್ತಿ ಉಳ್ಳದ್ದು. ತಟ್ಟೆಯಲ್ಲಿ ಜಯಿಸಿದ ಎಷ್ಟೋ ಜೀವಿಗಳು ಆ ಮಣ್ಣಿನಲ್ಲಿ ಸೋಲುತ್ತವೆ. ಆದ್ದರಿಂದ ನವಲಗುಂದದ ರೈತ "ಕಲಘಟಗಿ ಬೀಗರ ಹೊಲದಾಗ ಭಾಳ ಛಲೋ ಬಂತು, ನಮ್ಮಲ್ಲಿ ಏನೂ ಆಗಲಿಲ್ಲ" ಎಂದರೆ ನಾನು ಅವನನ್ನು ನಂಬುತ್ತೇನೆ. ಎರಡೂ ಖರೆ ಇರಬಹುದು.

ಎರಿ ಇರಲಿ, ಮಸಾರಿ ಇರಲಿ, ತಿಪ್ಪೆಗೊಬ್ಬರ ಕಾಣದ ಹೊಲದಲ್ಲಿ ಈ ಜೀವಿಗಳು ಹೆಚ್ಚು ದಿನ ಬಾಳುವುದಿಲ್ಲ. ಅವಕ್ಕೆ ಇಂಗಾಲ ಬೇಕು. ಬೇರು ಕೊಡುವ ಸಕ್ಕರೆ ಬೇರಿನ ಹತ್ತಿರ ಮಾತ್ರ ಸಿಗುತ್ತದೆ, ಸಸಿ ಸಣ್ಣದಿದ್ದಾಗ ಅದೂ ಕಡಿಮೆ. ಮನೆಯಲ್ಲಿ ಎತ್ತು, ಎಮ್ಮೆ ಕಡಿಮೆಯಾದವು, ತಿಪ್ಪೆ ಸಣ್ಣದಾಯಿತು. ಈಗ ಅಂಗಡಿಯಿಂದ ಬ್ಯಾಕ್ಟೀರಿಯಾ ತರುತ್ತಿದ್ದೇವೆ, ಅವುಗಳ ಊಟ ಮಾತ್ರ ತರುತ್ತಿಲ್ಲ. ಮಕ್ಕಳೆ, ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಒಂದು ವಾಸನೆ ಏಳುತ್ತದಲ್ಲ, ಅದರಲ್ಲಿ ಬಹುಪಾಲು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನದು. ಕ್ಷಯರೋಗಕ್ಕೆ ಮೊದಲ ಔಷಧಿಯಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಅದೇ ಕುಲದ ಜೀವಿಯಿಂದ.

ಈಗ ಪಾಕೀಟಿಗೆ ಬರೋಣ. 2006ರಲ್ಲಿ ಕೇಂದ್ರ ಸರಕಾರ ಜೈವಿಕ ಗೊಬ್ಬರಗಳನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿತು. ಅದರಂತೆ ಅಜೋಸ್ಪಿರಿಲಂ, ರೈಜೋಬಿಯಂನಂಥ ಜೈವಿಕ ಗೊಬ್ಬರ ಪುಡಿಯಾಗಿದ್ದರೆ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವವಾಗಿದ್ದರೆ ಒಂದು ಮಿಲಿ ಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣಗಳು ಇರಬೇಕು. ರೋಗ ತಡೆಗೆಂದು ಮಾರುವ ಸೂಡೋಮೊನಾಸ್, ಟ್ರೈಕೋಡರ್ಮಾ ಬೇರೆ ಕಾಯ್ದೆಗೆ, ಅಂದರೆ 1968ರ ಕೀಟನಾಶಕ ಕಾಯ್ದೆಗೆ ಒಳಪಡುತ್ತವೆ. ಅವುಗಳ ಮೇಲೆ ಆ ಕಾಯ್ದೆಯ ನೋಂದಣಿ ಸಂಖ್ಯೆ ಇರಬೇಕು. ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಆದರೂ ಅಂಗಡಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುತ್ತವೆ.

ಕಾಯ್ದೆಯ ಲೆಕ್ಕ ಕಾರ್ಖಾನೆಯಲ್ಲಿ ಸರಿಯಾಗಿಯೇ ಇರಬಹುದು. ಆಮೇಲೆ ಆ ಪಾಕೀಟು ಲಾರಿಯಲ್ಲಿ ಬರುತ್ತದೆ, ಗೋದಾಮಿನಲ್ಲಿ ಇರುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಸಂಬಂಧಿಕರ ಹೆಣ್ಣುಮಗಳೊಬ್ಬಳು ಬದನೆ ಮಡಿಗೆಂದು ಪಾಕೀಟು ತಂದು ತೋರಿಸಿದಳು. ಅಂಗಡಿಯ ಪತ್ರಾಸಿನ ಬಾಗಿಲಿಗೆ, ಬಿಸಿಲಿನ ಕಡೆಗೆ, ಗುಟ್ಕಾ ಸರದಂತೆ ನೇತು ಹಾಕಿದ್ದರಂತೆ. ಕೈಯಲ್ಲಿ ಹಿಡಿದರೆ ಪುಡಿ ಒಣಗಿ ಹಗುರಾಗಿತ್ತು. "ಅಕ್ಕಾ, ಇದಕ್ಕ ಎಷ್ಟು ಕೊಟ್ಟಿ?" ಎಂದು ಕೇಳಿದೆ. ಎರಡು ದಿನದ ಕೂಲಿ. ಅವಧಿ ಮುಗಿಯುವ ತಾರೀಕು ಇನ್ನೂ ದೂರ ಇತ್ತು. ತಾರೀಕು ಬ್ಯಾಕ್ಟೀರಿಯಾಕ್ಕೆ ಗೊತ್ತಿಲ್ಲವಲ್ಲ! ಸೂಡೋಮೊನಾಸ್, ಅಜೋಸ್ಪಿರಿಲಂಗಳಿಗೆ ಬ್ಯಾಸಿಲಸ್‌ನ ಹಾಗೆ ಗಟ್ಟಿ ಚಿಪ್ಪಿನ ಬೀಜಕಣ ಮಾಡಿಕೊಂಡು ಮಲಗಲು ಬರುವುದಿಲ್ಲ. ಒಣಗಿದರೆ, ಕಾದರೆ ಸಾಯುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಕೊಳ್ಳುವುದಾದರೆ ಬ್ಯಾಸಿಲಸ್ ಇರುವುದನ್ನು ಕೇಳಿ ತನ್ನಿರಿ, ಇಲ್ಲವೆ ತಯಾರಿಸುವ ಜಾಗದಿಂದಲೇ, ಬಿತ್ತುವ ವಾರದಲ್ಲಿ ತನ್ನಿರಿ. ಮನೆಯಲ್ಲಿ ನೀರಿನ ಹರವಿಯ ಪಕ್ಕದ ತಂಪು ಮೂಲೆಯಲ್ಲಿಡಿ.

ಹಚ್ಚುವ ವಿಧಾನ ಸುಲಭ. ಬೆಲ್ಲದ ತಿಳಿ ಪಾಕ ಮಾಡಿ ಪೂರ್ತಿ ಆರಿಸಿ. ಬಿಸಿ ಪಾಕಕ್ಕೆ ಹಾಕಿದರೆ ಬ್ಯಾಕ್ಟೀರಿಯಾ ಬೇಯಿಸಿದ ಹಾಗೆ. ಒಂದು ಕಿಲೊ ಬೀಜಕ್ಕೆ ಸೂಡೋಮೊನಾಸ್ ಪುಡಿ 10 ಗ್ರಾಂ ಸಾಕು. ಬೀಜದ ಮೇಲೆ ತೆಳ್ಳಗೆ ಅಂಟಿದರೆ ಆಯಿತು, ಉಂಡೆ ಕಟ್ಟಬಾರದು. ನೆರಳಿನಲ್ಲಿ ಅರ್ಧ ತಾಸು ಆರಿಸಿ ಅದೇ ದಿನ ಬಿತ್ತಿ, ನೆಲ ಹಸಿಯಾಗಿರಲಿ. ನಾಟಿಯ ವೇಳೆಗೆ ಸಸಿಯ ಬೇರನ್ನು ಅದ್ದುವುದಾದರೆ ಹತ್ತು ಹದಿನೈದು ಲೀಟರ್ ನೀರಿಗೆ ಒಂದು ಕಿಲೊ ಜೈವಿಕ ಗೊಬ್ಬರ ಕಲಸಿ, ಇಪ್ಪತ್ತು ಮೂವತ್ತು ನಿಮಿಷ ಅದ್ದಿ ನೆಡಿ.

ತೊಡಕು ಇರುವುದು ಕಂಪನಿ ಬೀಜದಲ್ಲಿ. ನಮ್ಮ ಪಕ್ಕದ ರಾಣೆಬೆನ್ನೂರು ಕಡೆ ಹೈಬ್ರಿಡ್ ಕಾಯಿಪಲ್ಲೆ ಬೀಜ ತಯಾರಿಸುವುದು ದೊಡ್ಡ ಉದ್ಯೋಗ. ಹೂವಿನ ಕೇಸರ ತೆಗೆದು, ಪರಾಗ ಮುಟ್ಟಿಸುವ ಕೆಲಸವನ್ನು ಹೆಚ್ಚಾಗಿ ಹೆಣ್ಣುಮಕ್ಕಳೇ ಮಾಡುತ್ತಾರೆ. ಅಂಥ ಬೀಜ ಪಾಕೀಟಾಗುವ ಮೊದಲು ಥೈರಮ್‌ನಂಥ ಶಿಲೀಂಧ್ರನಾಶಕ ಹೊದ್ದುಕೊಂಡಿರುತ್ತದೆ. ಗುಲಾಬಿ, ಹಸಿರು, ನೀಲಿ ಬಣ್ಣ ಕಂಡರೆ ಔಷಧಿ ಇದೆ ಎಂದು ತಿಳಿಯಿರಿ. ಅದರ ಮೇಲೆ ಬ್ಯಾಕ್ಟೀರಿಯಾ ಹಚ್ಚಿದರೆ ಕೆಲವು ಉಳಿಯುತ್ತವೆ, ಬಹಳ ಸಾಯುತ್ತವೆ. ಟ್ರೈಕೋಡರ್ಮಾ ಅಂತೂ ಶಿಲೀಂಧ್ರವೇ ಆದ್ದರಿಂದ ಹಚ್ಚುವುದು ದಂಡ. ಬಣ್ಣದ ಬೀಜವನ್ನು ಹಾಗೇ ಬಿತ್ತಿ, ಬ್ಯಾಕ್ಟೀರಿಯಾವನ್ನು ಅದು ಬೀಳುವ ಮಣ್ಣಿಗೆ ಹಾಕಿ. ಬೀಜಕ್ಕೆ ನೀವೇ ಔಷಧಿ ಹಚ್ಚುವವರಾದರೆ ಮೊದಲು ಔಷಧಿ, ಅದು ಆರಿದ ಮೇಲೆ ಎಲ್ಲಕ್ಕಿಂತ ಕೊನೆಗೆ ಬ್ಯಾಕ್ಟೀರಿಯಾ.

ನರ್ಸರಿಯಲ್ಲಿ ನಾನು ಮಾಡುವುದು ಇದನ್ನೇ. 98 ಗುಳಿಯ ಪ್ರೋಟ್ರೇಗೆ ತುಂಬುವ ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಮೊದಲೇ ಗಟ್ಟಿಯಾಗಿ ನೆಲೆಸಿದ ಜೀವಿಗಳು ಹೊಲದ ಮಣ್ಣಿಗಿಂತ ಬಹಳ ಕಡಿಮೆ. ಖಾಲಿ ಬಸ್ಸು ಅಂದುಕೊಳ್ಳಿ. ಟವೆಲ್ ಹಾಕಲು ಜಗಳವೇ ಇಲ್ಲ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಾರಜನಕ ಹಿಡಿಯುವ, ರಂಜಕ ಮತ್ತು ಸತು ಕರಗಿಸುವ, ಬೆಳವಣಿಗೆಗೆ ನೆರವಾಗುವ ಬ್ಯಾಕ್ಟೀರಿಯಾಗಳನ್ನು ಒಂದೇ ಪುಡಿಯಲ್ಲಿ ಕೂಡಿಸಿ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ' ಎಂದು ಬಿಡುಗಡೆ ಮಾಡಿದೆ. ಕೋಕೋಪೀಟಿಗೆ ಬೆರೆಸಲು ಅನುಕೂಲ. ಒಂದು ಎಕರೆಯ ಮಣ್ಣಿಗೆ ಸುರಿಯುವುದಕ್ಕಿಂತ ಒಂದು ಎಕರೆಗೆ ಬೇಕಾದ ಸಸಿಗಳ ಟ್ರೇಗೆ ಬೆರೆಸುವುದು ಎಷ್ಟೋ ಅಗ್ಗ. ಸಸಿ ಬೇರಿನ ಸುತ್ತ ತನ್ನ ಬಳಗವನ್ನು ಕಟ್ಟಿಕೊಂಡೇ ಹೊಲಕ್ಕೆ ಹೋಗುತ್ತದೆ.

ಶಾಲೆಗೆ ಒಂದು ಕೆಲಸ ಒಪ್ಪಿಸುತ್ತೇನೆ ಎಂದಿದ್ದೆ. ಪಾಕೀಟಿನೊಳಗಿನದು ಬದುಕಿದೆಯೋ ಇಲ್ಲವೋ ಎಂದು ನಿಖರವಾಗಿ ಎಣಿಸಲು ಪ್ರಯೋಗಾಲಯವೇ ಬೇಕು. ಆದರೆ ಅದರಿಂದ ಬೀಜಕ್ಕೆ ಉಪಯೋಗ ಆಗುತ್ತದೆಯೋ ಎಂದು ನೋಡಲು ನಮ್ಮ ವಿಜ್ಞಾನ ಕೋಣೆ ಸಾಕು. ಬಣ್ಣ ಹಚ್ಚದ, ಮನೆಯಲ್ಲಿ ಇಟ್ಟ ಮೆಣಸಿನ ಬೀಜ ನಾನೂರು ಬೇಕು. ನಾಲ್ಕು ಪಾಲು ಮಾಡಿ, ಪಾಲಿಗೆ ನೂರು. ಒಂದು ಪಾಲಿಗೆ ಬರಿ ನೀರು. ಎರಡನೆಯದಕ್ಕೆ ಬೆಲ್ಲದ ನೀರು. ಮೂರನೆಯದಕ್ಕೆ ಬೆಲ್ಲದ ನೀರಿನಲ್ಲಿ ಕಲಸಿದ ಪಾಕೀಟಿನ ಪುಡಿ. ನಾಲ್ಕನೆಯದಕ್ಕೆ ಅದೇ ಪುಡಿಯ ನೀರನ್ನು ಚೆನ್ನಾಗಿ ಕುದಿಸಿ ಆರಿಸಿದ್ದು. ಈ ನಾಲ್ಕನೆಯದು ಬಹಳ ಮುಖ್ಯ. ಮೂರನೆಯ ಪಾಲು ಚೆನ್ನಾಗಿ ಬಂತು ಎನ್ನಿ. ಬ್ಯಾಕ್ಟೀರಿಯಾದಿಂದ ಬಂತೋ, ಪುಡಿಯಲ್ಲಿದ್ದ ಇನ್ನೇನೋ ಸತ್ವದಿಂದ ಬಂತೋ? ಕುದಿಸಿದ ಪಾಲಿನ ಜೊತೆ ಹೋಲಿಸಿದರೆ ಸುಳಿವು ಸಿಗುತ್ತದೆ. ಮೂರು ಮತ್ತು ನಾಲ್ಕರ ನಡುವೆ ವ್ಯತ್ಯಾಸವೇ ಇಲ್ಲವೆಂದರೆ, ಆ ಪಾಕೀಟಿಗೆ ಊರವರು ರೊಕ್ಕ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಬ್ಯಾಸಿಲಸ್ ಇದ್ದರೆ ಒಮ್ಮೆ ಕುದಿಸಿದರೆ ಪೂರ್ತಿ ಸಾಯುವುದಿಲ್ಲ. ಅದನ್ನು ಪ್ರೆಶರ್ ಕುಕ್ಕರಿನಲ್ಲಿ ಅರ್ಧ ತಾಸು ಇಡಬೇಕು, ಬಿಸಿಯೂಟದ ಅಕ್ಕಂದಿರ ಸಹಾಯ ಕೇಳಿ.

ಪ್ರತಿ ನೂರನ್ನು ಇಪ್ಪತ್ತೈದರ ನಾಲ್ಕು ಗುಂಪು ಮಾಡಿ. ಎರಡು ಗುಂಪು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಎರಡು ಗುಂಪು ನಿಮ್ಮದೇ ಹೊಲದ ಮಣ್ಣು ತುಂಬಿದ ಡಬ್ಬಿಯಲ್ಲಿ ಬಿತ್ತಿ. ಒದ್ದೆ ಬಟ್ಟೆಯಲ್ಲಿ ಪಿಥಿಯಂ ಇಲ್ಲ. ಮಣ್ಣಿನ ಡಬ್ಬಿಯಲ್ಲಿಯೇ ನಿಜವಾದ ಪರೀಕ್ಷೆ. ಡಬ್ಬಿಯ ಮೇಲೆ ಹೆಸರು ಬರೆಯಬೇಡಿ, ಅಂಕಿ ಮಾತ್ರ ಬರೆಯಿರಿ. ಯಾವುದು ಏನೆಂದು ಒಬ್ಬ ಗುರುಗಳಿಗೆ ಗೊತ್ತಿರಲಿ, ಎಣಿಸುವ ಹುಡುಗರಿಗೆ ಬೇಡ. ಏಳನೆಯ ದಿನ ಎಣಿಸಿ, ಹದಿನಾಲ್ಕನೆಯ ದಿನ ಎಣಿಸಿ ಉದ್ದವನ್ನೂ ಅಳೆಯಿರಿ. ಮೊಳಕೆಯ ಶೇಕಡಾ ಪ್ರಮಾಣವನ್ನು ಸಸಿಯ ಸರಾಸರಿ ಉದ್ದದಿಂದ ಗುಣಿಸಿದರೆ ಸತ್ವಾಂಕ ಬರುತ್ತದೆ. ಉದಾಹರಣೆಗೆ, ಶೇ. 70 ಮೊಳೆತು ಉದ್ದ 8 ಸೆಂಟಿಮೀಟರ್ ಇದ್ದರೆ 560. ಶೇ. 68 ಮೊಳೆತು ಉದ್ದ 10 ಇದ್ದರೆ 680. ಮೊಳಕೆ ಎರಡು ಕಡಿಮೆ ಇದ್ದರೂ ಎರಡನೆಯ ಪಾಲೇ ಮೇಲು. 1973ರಿಂದ ಬೀಜ ವಿಜ್ಞಾನಿಗಳು ಬಳಸುತ್ತಿರುವ ಲೆಕ್ಕ ಇದು, ಎಂಟನೆಯ ತರಗತಿಯ ಗಣಿತ ಸಾಕು.

ಮುಂಗಾರಿಗೆ ಮೊದಲು, ಏಪ್ರಿಲ್ ಪರೀಕ್ಷೆ ಮುಗಿದು ರಜೆ ಸಿಗುವ ಮುಂಚೆ, ಊರಿನ ರೈತರು ಕೊಳ್ಳಬೇಕೆಂದಿರುವ ಪಾಕೀಟುಗಳಲ್ಲಿ ಒಂದೊಂದನ್ನು ಇಲ್ಲಿ ಹೀಗೆ ನೋಡಬಹುದು. ಡಬ್ಬಿ, ಟ್ರೇ, ಬೀಜ ನಾನು ಕೊಡುತ್ತೇನೆ. ಮುಖ್ಯೋಪಾಧ್ಯಾಯರ ಹತ್ತಿರ ಈಗಾಗಲೇ ಮಾತಾಡಿದ್ದೇನೆ. ಫಲಿತಾಂಶವನ್ನು ಪಂಚಾಯಿತಿ ಕಟ್ಟೆಯ ಹಲಗೆಯ ಮೇಲೆ ಅಂಕಿಯಲ್ಲಿ ಬರೆಯಿರಿ. ಒಂದು ಸಲದ ಎಣಿಕೆಯಿಂದ ಯಾರನ್ನೂ ಹೊಗಳಬೇಡಿ, ಬೈಯಲೂ ಬೇಡಿ. ಎರಡು ಮೂರು ಸಲ ಅದೇ ಬಂದರೆ ಆಗ ಮಾತಾಡೋಣ.

(ಭಾಷಣದ ನಂತರ ಪ್ರಶ್ನೆಗಳಿಗೆ ಸಮಯವಿತ್ತು. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, "ನಮ್ಮನಿಗೆ ನಳದ ನೀರು ಬರ್ತೈತ್ರಿ, ಅದರಾಗ ಔಷಧ ಹಾಕಿರ್ತಾರಂತ. ಅದರಾಗ ಕಲಸಿದರ ಬ್ಯಾಕ್ಟೀರಿಯಾ ಸಾಯಂಗಿಲ್ಲೇನ್ರಿ?" ಎಂದು ಕೇಳಿದಳು.)

ಇಷ್ಟು ಹೊತ್ತು ನಾನು ಹೇಳದೆ ಬಿಟ್ಟದ್ದನ್ನು ಕೇಳಿದೆ ತಂಗಿ. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು. ರಾತ್ರಿ ಅಗಲ ಬಾಯಿಯ ಬಕೆಟಿನಲ್ಲಿ ಮುಚ್ಚದೆ ಇಟ್ಟರೆ ಬಹುಪಾಲು ಹಾರಿಹೋಗುತ್ತದೆ. ಬಾವಿಯ ನೀರೋ ಹಿಡಿದಿಟ್ಟ ಮಳೆ ನೀರೋ ಇದ್ದರೆ ಇನ್ನೂ ಒಳ್ಳೆಯದು. ನಿನಗೆ ಅನುಮಾನ ಇದ್ದರೆ ಐದನೆಯ ಪಾಲು ಮಾಡು. ಆಗಷ್ಟೇ ಹಿಡಿದ ನಳದ ನೀರಿನಲ್ಲಿ ಕಲಸಿದ್ದು ಒಂದು, ರಾತ್ರಿ ಇಟ್ಟ ನೀರಿನಲ್ಲಿ ಕಲಸಿದ್ದು ಇನ್ನೊಂದು. ಇನ್ನೂ ನೂರು ಬೀಜ ಹೆಚ್ಚಿಗೆ ಬೇಕಾಗುತ್ತದೆ, ಅದನ್ನೂ ನಾನೇ ತರುತ್ತೇನೆ.